ಅಮ್ಮನ ಜೊತೆ ಎರಡು ದಿನ ಪುಣೆ: ಏನು ನೋಡಬೇಕು, ಏನು ಬಿಡಬೇಕು?

ಕೇಳಿದವರು, ಡೊಂಬಿವಲಿಯಿಂದ:

ಡಿಸೆಂಬರ್‌ನಲ್ಲಿ ಹಾವೇರಿಯಿಂದ ಅಮ್ಮ ಬರುತ್ತಿದ್ದಾರೆ. ಅವರನ್ನು ಕರೆದುಕೊಂಡು ಶುಕ್ರವಾರ, ಶನಿವಾರ ಪುಣೆ ನೋಡಿ ಬರುವ ಆಸೆ. ಅಮ್ಮನಿಗೆ ಎಪ್ಪತ್ತರ ಹತ್ತಿರ. ಮಂಡಿ ನೋವಿದೆ, ನಿಧಾನವಾಗಿ ನಡೆಯುತ್ತಾರೆ. ಮಗಳು ಏಳನೇ ಕ್ಲಾಸು, ಶಿವಾಜಿ ಕಥೆ ಅಂದರೆ ಪ್ರಾಣ. ಯಜಮಾನರು ಬರೆದ ಪಟ್ಟಿಯಲ್ಲಿ ಶನಿವಾರವಾಡ, ಆಗಾ ಖಾನ್ ಅರಮನೆ, ಸಿಂಹಗಡ, ಪಾರ್ವತಿ ಗುಡ್ಡ, ಲೋಣಾವಳಾ ಎಲ್ಲ ಇವೆ. ಇಷ್ಟೂ ಆಗುತ್ತಾ? ಪುಣೆಯಲ್ಲಿರುವ ನಮ್ಮವರು ದಯವಿಟ್ಟು ಹೇಳಿ.

ಸದಾಶಿವ ಪೇಟೆಯಿಂದ:

ಮೊದಲು ಲೋಣಾವಳಾ ತೆಗೆದುಬಿಡಿ. ಕಲ್ಯಾಣದಲ್ಲಿ ಬೆಳಗಿನ ಇಂದ್ರಾಯಣಿ ರೈಲು ಹತ್ತಿದರೆ ಖಂಡಾಳಾ ಘಟ್ಟ ಕಿಟಕಿಯಲ್ಲೇ ಕಾಣುತ್ತದೆ, ಅಮ್ಮನನ್ನು ಆ ಕಡೆ ಕೂರಿಸಿ. ಪಾರ್ವತಿಯನ್ನೂ ಬಿಡಿ. ಮೆಟ್ಟಿಲು ಅಗಲವಾಗಿ ಚೆನ್ನಾಗಿವೆ, ಆದರೆ ನೂರಕ್ಕೂ ಜಾಸ್ತಿ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ನನ್ನ ಕೇಳಿದರೆ ಪುಣೆ ಅಂದರೆ ಹಳೆ ಪೇಟೆಗಳು. ಕಸಬಾ, ಶನಿವಾರ, ಬುಧವಾರ, ಶುಕ್ರವಾರ ಪೇಟೆ, ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಊರಾಚೆ ಕಾರಿನಲ್ಲಿ ಸುತ್ತುತ್ತಾ ಹೊತ್ತು ಕಳೆದರೆ ಈ ಊರು ಸಿಗುವುದಿಲ್ಲ. ಎರಡು ದಿನದಲ್ಲಿ ಒಂದು ಇಡೀ ದಿನ ಇಲ್ಲಿಗೇ ಇಡಿ.

ಉಳಿಯಲು ಡೆಕ್ಕನ್ ಜಿಮಖಾನಾ ಸುತ್ತಮುತ್ತ ನೋಡಿ. ಪುಣೆ ಸ್ಟೇಷನ್‌ನಿಂದ ಮೆಟ್ರೋದಲ್ಲಿ ನೇರ ಬರಬಹುದು. ಬ್ಯಾಗು ಇಟ್ಟು, ಊಟ ಮುಗಿಸಿ, ಅದೇ ಲೈನಿನಲ್ಲಿ ಕಲ್ಯಾಣಿ ನಗರಕ್ಕೆ ಹೋಗಿ. ಅಲ್ಲಿಂದ ಆಟೋದಲ್ಲಿ ಆಗಾ ಖಾನ್ ಅರಮನೆ ಹತ್ತಿರ. ಸಂಜೆ ಬೇಗ ಮುಚ್ಚುತ್ತಾರೆ, ಮೂರು ಗಂಟೆಯೊಳಗೆ ತಲುಪಿ.

ಇದು ನಿಮ್ಮ ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಜಾಗ ಸಮತಟ್ಟು, ಅಗಲವಾದ ಜಗಲಿ, ದೊಡ್ಡ ಮರಗಳು. 1892ರಲ್ಲಿ ಮೂರನೇ ಆಗಾ ಖಾನ್ ಕಟ್ಟಿಸಿದ್ದು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ, 1942ರ ಆಗಸ್ಟ್‌ನಲ್ಲಿ ಗಾಂಧೀಜಿಯನ್ನು ಇಲ್ಲಿ ಸೆರೆಯಲ್ಲಿಟ್ಟರು. ಬಂದು ವಾರ ತುಂಬುವುದರೊಳಗೆ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಇಲ್ಲೇ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಹೋದರು. ಇಬ್ಬರ ಸಮಾಧಿಯೂ ಹಿಂದಿನ ಅಂಗಳದಲ್ಲಿ ಪಕ್ಕಪಕ್ಕ ಇವೆ. ಹೆಚ್ಚಿನವರು ಮುಂದಿನ ಕೋಣೆಗಳನ್ನು ನೋಡಿ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ವಾಪಸ್ ಬರುವಾಗ ಬೆಳಕಿದ್ದರೆ ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ನೋಡಿ. ಗದ್ದಲದ ರಸ್ತೆ ಪಕ್ಕದಲ್ಲೇ ಒಂದೇ ಬಂಡೆ ಕೊರೆದು ಮಾಡಿದ ಗುಹಾ ದೇವಾಲಯ. ಎಂಟನೇ ಶತಮಾನ, ರಾಷ್ಟ್ರಕೂಟರ ಕಾಲ. ಎಲ್ಲೋರದ ಕೈಲಾಸವೂ ಅದೇ ಮನೆತನದ್ದು. ಮುಂದೆ ನಮ್ಮ ಮಳಖೇಡದಿಂದ ಆಳಿದವರು ಇವರೇ ಅಂತ ಮಗಳಿಗೆ ಹೇಳಿ. ಕೆಲಸ ಪೂರ್ತಿ ಆಗಿಲ್ಲ. ಎದುರಿಗೆ ದುಂಡಗಿನ ನಂದಿ ಮಂಟಪ ಇದೆ, ಅಂಥದ್ದು ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ದಿನ ಬೆಳಿಗ್ಗೆ ಬೇಗ ಕಸಬಾ ಗಣಪತಿಯಿಂದ ಶುರು ಮಾಡಿ. ಇವನು ಊರಿನ ಗ್ರಾಮದೇವತೆ, ವಿಸರ್ಜನೆ ಮೆರವಣಿಗೆಯಲ್ಲಿ ಮೊದಲ ಮರ್ಯಾದೆ ಇವನಿಗೇ. ಸ್ವಲ್ಪ ದೂರದಲ್ಲೇ ಲಾಲ್ ಮಹಲ್. ಬಾಲಕ ಶಿವಾಜಿ ತಾಯಿ ಜಿಜಾಬಾಯಿ ಜೊತೆ ಇದ್ದ ಜಾಗ. 1663ರಲ್ಲಿ ಶಿವಾಜಿ ರಾತ್ರಿ ನುಗ್ಗಿ ಮೊಘಲ್ ಸರದಾರ ಶಾಯಿಸ್ತಾ ಖಾನನ ಬೆರಳು ಕತ್ತರಿಸಿದ್ದೂ ಇಲ್ಲೇ. ಈಗಿರುವುದು ಹೊಸದಾಗಿ ಕಟ್ಟಿದ ಕಟ್ಟಡ. ಮಗಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಅಲ್ಲಿಂದ ಶನಿವಾರವಾಡಕ್ಕೆ ನಡೆದೇ ಹೋಗಬಹುದು. ಒಳಗೆ ಅರಮನೆ ಇದೆ ಅಂದುಕೊಂಡು ಹೋದವರಿಗೆ ಬೇಜಾರಾಗುತ್ತದೆ. ಪೇಶ್ವೆ, ಅಂದರೆ ಮರಾಠಾ ರಾಜ್ಯದ ಪ್ರಧಾನಿ, ಮೊದಲನೇ ಬಾಜಿರಾಯ 1730ರಲ್ಲಿ ಅಡಿಪಾಯ ಹಾಕಿದ. ಒಳಗಿನ ಮರದ ಮಹಲುಗಳನ್ನೆಲ್ಲ 1828ರ ಬೆಂಕಿ ತಿಂದುಹಾಕಿತು. ಉಳಿದಿರುವುದು ಕೋಟೆ ಗೋಡೆ, ಬಾಗಿಲುಗಳು, ಕಾರಂಜಿ, ಕಟ್ಟಡದ ತಳಪಾಯ. ಆದರೆ ಆ ದಿಲ್ಲಿ ದರವಾಜ ಒಂದೇ ಸಾಕು! ಆನೆ ಗುದ್ದಿ ಒಡೆಯದಂತೆ ಹೊಡೆದ ಉದ್ದುದ್ದ ಮೊಳೆಗಳನ್ನು ಹತ್ತಿರದಿಂದ ನೋಡಿ. ಹದಿಹರೆಯದ ಪೇಶ್ವೆ ನಾರಾಯಣರಾಯನನ್ನು 1773ರಲ್ಲಿ ಒಳಗೇ ಕೊಂದರು. ಈ ಕಥೆಗಳನ್ನು ಓದಿಕೊಂಡು ಹೋದರೆ ಆ ಖಾಲಿ ಜಾಗ ಖಾಲಿ ಅನ್ನಿಸುವುದಿಲ್ಲ.

ಬಿಸಿಲೇರಿದ ಮೇಲೆ ಬಾಜಿರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂಗೆ ಆಟೋದಲ್ಲಿ ಹೋಗಿ. ಇದನ್ನು ಮಾತ್ರ ಬಿಡಬೇಡಿ. ಕೇಳ್ಕರ್ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜನ ನೆನಪಿಗೆ ದೇಶವೆಲ್ಲ ತಿರುಗಿ ಕೂಡಿಸಿದ ಸಂಗ್ರಹ. ರಾಜರ ಒಡವೆಗಿಂತ ಮನೆ ಸಾಮಾನೇ ಜಾಸ್ತಿ. ದೀಪಗಳು, ಅಡಕತ್ತರಿಗಳು, ವಾದ್ಯಗಳು, ಕೆತ್ತನೆಯ ಬಾಗಿಲುಗಳು. ನಮ್ಮ ಅತ್ತೆಯನ್ನು ಕರೆದುಕೊಂಡು ಹೋದಾಗ ಅಡಕತ್ತರಿಯ ಕಪಾಟಿನ ಮುಂದಿನಿಂದ ಕದಲಲೇ ಇಲ್ಲ. ಒಂದೊಂದನ್ನೂ ಹೇಗೆ ಹಿಡಿಯುತ್ತಾರೆ ಅಂತ ಪಕ್ಕದಲ್ಲಿದ್ದ ಮರಾಠಿ ಹುಡುಗಿಯರಿಗೆ ಕನ್ನಡದಲ್ಲೇ ವಿವರಿಸಿದರು. ಅವರಿಗೂ ಅರ್ಥವಾಯಿತು. ಮೇಲಿನ ಮಹಡಿಗೆ ಮೆಟ್ಟಿಲು ಹತ್ತಬೇಕು, ಅಮ್ಮ ಕೆಳಗಿನದನ್ನೇ ನಿಧಾನವಾಗಿ ನೋಡಲಿ. ಕೋಥರೂಡ್‌ನಲ್ಲಿದ್ದ, ಬಾಜಿರಾಯನ ಎರಡನೇ ಹೆಂಡತಿ ಮಸ್ತಾನಿಯ ಮಹಲಿನ ಭಾಗಗಳನ್ನು ತಂದು ಇಲ್ಲಿ ಜೋಡಿಸಿದ್ದಾರೆ. ಅದನ್ನು ನೋಡಲು ಮರೆಯಬೇಡಿ.

ಹಡಪ್ಸರದಿಂದ:

ನಮ್ಮ ತಾಯಿಗೂ ಮಂಡಿ ನೋವು, ಅದಕ್ಕೆ ಹೇಳುತ್ತಿದ್ದೇನೆ. ದಗಡೂಶೇಠ್ ಗಣಪತಿಗೆ ಮಂಗಳವಾರ, ಸಂಕಷ್ಟಿ ದಿನ ಹೋಗಬೇಡಿ. ಕ್ಯೂ ಉದ್ದ ಇದ್ದರೆ ರಸ್ತೆಯಿಂದಲೇ ಮೂರ್ತಿ ಚೆನ್ನಾಗಿ ಕಾಣುತ್ತದೆ, ಕೈ ಮುಗಿದು ಬನ್ನಿ. ಡಿಸೆಂಬರ್ ಬೆಳಗಿನ ಚಳಿ ಮುಂಬೈನವರಿಗೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಸ್ವೆಟರ್, ಕಾಲಿಗೆ ಸಾಕ್ಸ್ ಇರಲಿ. ತುಳಶೀಬಾಗ್ ಮಾರ್ಕೆಟ್ ಸಂಜೆ ಬೇಡವೇ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಹನ್ನೊಂದರ ಸುಮಾರಿಗೆ ಹೋದರೆ ಹಿತ್ತಾಳೆ ದೀಪ, ದೇವರ ಸಾಮಾನು ಆರಾಮಾಗಿ ನೋಡಬಹುದು.

ಊಟದ ಚಿಂತೆ ಬೇಡ. ಪಿಠ್ಲ ಭಾಕ್ರಿ ಅಂದರೆ ನಮ್ಮ ಝುಣಕ ರೊಟ್ಟಿಯೇ, ಹಾವೇರಿಯವರಿಗೆ ಮನೆ ಊಟ. ಮಿಸಳ್ ಮಾತ್ರ ಖಾರ, ಮೊದಲೇ ಕೇಳಿ ತಗೊಳ್ಳಿ. ಇಡ್ಲಿ ಬೇಕೆಂದರೆ ಎಫ್.ಸಿ. ರಸ್ತೆಯ ವೈಶಾಲಿ ಇದೆ, ಕಾರ್ಕಳದ ಕಡೆಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ್ದು.

ವಾರಜೆಯಿಂದ:

ಮಗಳಿಗೆ ಸಿಂಹಗಡ ತಪ್ಪಿಸಬೇಡಿ ಅಕ್ಕಾ. ಶಿವಾಜಿ ಕಥೆ ಇಷ್ಟ ಅಂತೀರಿ, 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಪ್ರಾಣ ಕೊಟ್ಟು ಗೆದ್ದ ಕೋಟೆ ಊರಿನಿಂದ 30 ಕಿ.ಮೀ. ಆಸುಪಾಸಿನಲ್ಲಿದೆ. ಅಮ್ಮನಿಗೆ ಆಗುವುದಿಲ್ಲ, ಅದು ನಿಜ. ಗಾಡಿ ಮೇಲಿನವರೆಗೂ ಹೋಗುತ್ತದೆ, ಆದರೆ ಆಮೇಲೆ ಕಲ್ಲಿನ ದಾರಿ, ಮೆಟ್ಟಿಲು ಇದ್ದೇ ಇವೆ. ಹಾಗಾಗಿ ಶನಿವಾರ ಬೆಳಗಾಗುವ ಮೊದಲೇ ಅಪ್ಪ ಮಗಳು ಇಬ್ಬರೇ ಹೊರಡಲಿ. ಹತ್ತು ಗಂಟೆಯ ಮೇಲೆ ವಾರಾಂತ್ಯದ ಗಾಡಿಗಳ ಸಾಲು ಶುರುವಾಗುತ್ತದೆ, ಅಷ್ಟರೊಳಗೆ ಇಳಿದುಬಿಡಲಿ. ಮೇಲೆ ಮಣ್ಣಿನ ಕುಡಿಕೆಯ ಮೊಸರು ಸಿಗುತ್ತದೆ, ತಪ್ಪದೆ ತಿನ್ನಿಸಿ.

ಸದಾಶಿವ ಪೇಟೆಯಿಂದ ಮತ್ತೆ:

ಇದು ಸರಿ. ಅವರು ಕೋಟೆಗೆ ಹೋದಾಗ ನೀವು, ಅಮ್ಮ ಕಸಬಾ ಗಣಪತಿ ದರ್ಶನ ಮುಗಿಸಿ. ಶನಿವಾರವಾಡದ ಮುಂದೆ ಎಲ್ಲರೂ ಸೇರಿಕೊಳ್ಳಿ. ಲಾಲ್ ಮಹಲ್ ಎದುರಿಗೇ ಇದೆ, ಮಗಳು ಬಂದ ಮೇಲೆ ನೋಡಿ.

ಗಂಜ್ ಪೇಟೆಯಿಂದ, ಶಾಲಾ ಶಿಕ್ಷಕಿ:

ಏಳನೇ ಕ್ಲಾಸಿನ ಹುಡುಗಿ ಬರುತ್ತಾಳೆ ಅಂದಮೇಲೆ ಫುಲೆವಾಡ ಸೇರಿಸಲೇಬೇಕು. ಜ್ಯೋತಿಬಾ, ಸಾವಿತ್ರಿಬಾಯಿ ಇದ್ದ ಮನೆ ನಮ್ಮ ಪೇಟೆಯಲ್ಲೇ ಇದೆ. ಅವರು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಇದೇ ಊರಿನ ಬುಧವಾರ ಪೇಟೆಯಲ್ಲಿ. ಚಿಕ್ಕ ಮನೆ, ಅಂಗಳದ ಬಾವಿ, ಅರ್ಧ ಗಂಟೆ ಸಾಕು. ಪೇಶ್ವೆಗಳ ಊರನ್ನು ನೋಡಿದವರು ಈ ಮನೆಯನ್ನೂ ನೋಡಬೇಕು. ಅಷ್ಟು ಅಧಿಕಾರ, ಅಷ್ಟು ಪಾಂಡಿತ್ಯ ಇದ್ದ ಊರಿನಲ್ಲಿ ಹೆಣ್ಣುಮಗಳಿಗೆ ಅಕ್ಷರ ಸಿಗಲು ಈ ದಂಪತಿ ಕಲ್ಲೇಟು ತಿನ್ನಬೇಕಾಯಿತು.

ಔಂಧ್‌ನಿಂದ:

ಡಿಸೆಂಬರ್ ಅಂದಿರಲ್ಲ, ಸವಾಯಿ ಗಂಧರ್ವ ಸಂಗೀತೋತ್ಸವದ ದಿನಾಂಕ ನೋಡಿಕೊಳ್ಳಿ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗ ಜಿಲ್ಲೆಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ್ದು. ಹಾಡಿನ ಆಸೆ ಇದ್ದರೆ ಒಂದು ಸಂಜೆ ಅಮ್ಮನನ್ನು ಅಲ್ಲಿ ಕೂರಿಸಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೋಣಾವಳಾ, ಪಾರ್ವತಿ ಎರಡಕ್ಕೂ ಗೆರೆ ಎಳೆದಾಯಿತು. ಅಮ್ಮನಿಗೆ ಅಡಕತ್ತರಿ ವಿಷಯ ಫೋನಿನಲ್ಲಿ ಓದಿ ಹೇಳಿದೆ, ಈಗಲೇ ಹೊರಡಲು ತಯಾರಿದ್ದಾರೆ! ಇನ್ನೊಂದು ಮಾತು. ಅವರು ಪುಣೆಯಿಂದಲೇ ಊರಿಗೆ ಹೊರಟರೆ ಹೇಗೆ? ಮತ್ತೆ ಡೊಂಬಿವಲಿಗೆ ಬಂದು ಹೋಗುವುದು ಸುಮ್ನೆ ಸುಸ್ತು.

ಹಡಪ್ಸರದಿಂದ:

ಆರಾಮಾಗಿ ಆಗುತ್ತದೆ. ಸಾತಾರಾ, ಮಿರಜ್, ಬೆಳಗಾವಿ ಮೇಲೆ ಹುಬ್ಬಳ್ಳಿಗೆ ರೈಲುಗಳಿವೆ. ವಂದೇ ಭಾರತ್ ಕೂಡ ಇದೆ, ಆದರೆ ದಿನಾ ಓಡುವುದಿಲ್ಲ, ಯಾವ ದಿನ ಅಂತ ನೋಡಿ ಬುಕ್ ಮಾಡಿ. ಸ್ವಾರಗೇಟ್‌ನಿಂದ ನಮ್ಮ ಕರ್ನಾಟಕದ ಬಸ್ಸೂ ಸಿಗುತ್ತದೆ, ಆದರೆ ಮಂಡಿ ನೋವಿಗೆ ರೈಲೇ ವಾಸಿ. ಕೆಳಗಿನ ಬರ್ತ್ ಕೇಳಿ, ಯಾರಾದರೂ ಜೊತೆಗಿರಲಿ. ಡಿಸೆಂಬರ್ ರಜೆಗೆ ಟಿಕೆಟ್ ಬೇಗ ಖಾಲಿ, ಈ ವಾರವೇ ಮಾಡಿಸಿಬಿಡಿ.