ದಿನಸಿ ಅಂಗಡಿ ಲೋಗೋಗೆ ಪೇಂಟರ್ ಬರೆದಂಥ ಅಕ್ಷರ ಬೇಕು, ಫಾಂಟ್ ಸಾಕಾ ಅಥವಾ ಬರೆಸಲೇಬೇಕಾ?

ಮಲೆನಾಡ_ದಿನಸಿ:
ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ನಾನೂ ನಮ್ಮಕ್ಕನೂ ಸೇರಿ ಒಂದು ಚಿಕ್ಕ ಅಂಗಡಿ ಶುರು ಮಾಡ್ತಿದೀವಿ, ಜೋನಿ ಬೆಲ್ಲ, ಗಾಣದ ಎಣ್ಣೆ, ನವಣೆ, ಸಾಮೆ, ರಾಜಮುಡಿ ಅಕ್ಕಿ ಇಂಥವು. ಮುಂಚೆ ತಗಡಿನ ಬೋರ್ಡ್ ಮೇಲೆ ಎನಾಮಲ್ ಪೇಂಟಲ್ಲಿ ಬರೀತಿದ್ರಲ್ಲ, ಲೋಗೋ ಆ ಥರ ಇರ್ಲಿ ಅಂತ ಇಬ್ರಿಗೂ ಆಸೆ. ಡಿಸೈನರ್ ಕಳಿಸಿರೋ ಸ್ಯಾಂಪಲ್‌ಗಳಲ್ಲಿ ಇಂಗ್ಲಿಷ್ ಹೆಸರು ಚೆನ್ನಾಗೇ ಬಂದಿದೆ, ಬ್ರಶ್ ಎಳೆದಿದ್ದೆಲ್ಲ ಕಾಣುತ್ತೆ, ಕನ್ನಡದ್ದು ಮಾತ್ರ ಯಾವುದೋ ಮಾಮೂಲಿ ಫಾಂಟ್ ತಗೊಂಡು ಅಂಚು ಒರಟು ಮಾಡಿದಂಗಿದೆ. ಹೆಸರು ಇನ್ನೂ ರಿಜಿಸ್ಟರ್ ಆಗಿಲ್ಲ, ಹಾಗಾಗಿ ಇಲ್ಲಿ ಹಾಕಲ್ಲ. ನಾಲ್ಕಕ್ಷರ, ಮಧ್ಯ ಒಂದು ಒತ್ತಕ್ಷರ ಇದೆ, ಒಂದು ಅಕ್ಷರ ಎರಡು ಸಲ ಬರುತ್ತೆ. ಬೋರ್ಡು, ಬಟ್ಟೆ ಚೀಲ, 100 ಗ್ರಾಂ ಪೊಟ್ಟಣದ ಸ್ಟಿಕ್ಕರ್ ಎಲ್ಲದಕ್ಕೂ ಇದೇ ಲೋಗೋ. ಏನು ಮಾಡೋದು ಹೇಳಿ.

ಅಕ್ಷರ_ಕೆಲಸ:
ಬ್ರಶ್ ಥರದ ಇಂಗ್ಲಿಷ್ ಫಾಂಟ್ ಬೇಕಾದಷ್ಟಿವೆ, ಕನ್ನಡದಲ್ಲಿ ಕಮ್ಮಿ, ಅದಕ್ಕೇ ಡಿಸೈನರ್ ಹಂಗೆ ಮಾಡಿರ್ತಾರೆ. ಗೂಗಲ್ ಫಾಂಟ್ಸ್‌ನಲ್ಲಿ ಅಕಾಯ ಕನಡಕ ಅಂತ ಒಂದಿದೆ, ಕೈಯಲ್ಲಿ ಬರೆದ ಓಟ ಇದೆ ಅದ್ರಲ್ಲಿ, ಬಲೂ ತಮ್ಮ 2 ದಪ್ಪಗೆ ಗುಂಡಗೆ ಇದೆ. ಎರಡೂ ಓಪನ್ ಫಾಂಟ್ ಲೈಸೆನ್ಸ್, ಲೋಗೋಗೆ ದುಡ್ಡು ಕೊಡದೇ ಬಳಸ್ಬಹುದು. ಆದ್ರೆ ನಿಮ್ಮ ಹೆಸರಲ್ಲಿ ಒಂದಕ್ಷರ ಎರಡು ಸಲ ಬರುತ್ತೆ ಅಂದ್ರಲ್ಲ, ಫಾಂಟಲ್ಲಿ ಎರಡೂ ಅಚ್ಚು ಹೊಡೆದಂಗೆ ಒಂದೇ ಇರುತ್ತೆ, ಮನುಷ್ಯ ಬರೆದಿಲ್ಲ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತೆ. ಫಾಂಟೇ ತಗೊಂಡ್ರೆ ಔಟ್‌ಲೈನ್‌ಗೆ, ಅಂದ್ರೆ ತಿದ್ದೋಕೆ ಬರೋ ಗೆರೆಗಳಿಗೆ, ಕನ್ವರ್ಟ್ ಮಾಡಿಸಿ ಎರಡನೇದರ ತಲೆಕಟ್ಟು ಸ್ವಲ್ಪ ಬೇರೆ ಮಾಡಿಸಿ. ಒರಟು ಅಂಚಿನ ಎಫೆಕ್ಟ್ ಮಾತ್ರ ದಯವಿಟ್ಟು ಬೇಡ, ಬೋರ್ಡ್ ಬರೆಯೋರ ಅಂಚು ಯಾವತ್ತೂ ಒರಟಾಗಿರಲ್ಲ, ನೀಟಾಗಿ ಬರಲಿ ಅಂತಲೇ ಅವರು ಅಷ್ಟು ಕಷ್ಟಪಡೋದು.

ಹುಬ್ಬಳ್ಳಿ_ಬ್ರಶ್:
ನಮ್ಮ ಅಪ್ಪಾರು ಬೋರ್ಡ್ ಬರೀತಿದ್ರು, ಫ್ಲೆಕ್ಸ್ ಬಂದ ಮ್ಯಾಲೆ ಕೆಲಸ ಭಾಳ ಕಮ್ಮಿ ಆತು. ನಾ ಹೇಳೋದು ಏನಂದ್ರ ಬರೆಸ್ರಿ. ಒತ್ತಕ್ಷರ ಐತಿ ಅಂದ್ರಲ್ಲ, ಫಾಂಟ್‌ನ್ಯಾಗ ಒತ್ತು ಸಣ್ಣದಾಗಿ ಕೆಳಗ ಜೋತು ಬಿದ್ದಂಗ ಕಾಣತೈತಿ, ಅದಕ್ಕ ಜಾಗಾ ಬಿಡಾಕ ಹೋಗಿ ಇಡೀ ಹೆಸರು ಸಣ್ಣದು ಮಾಡಬೇಕಾಗತೈತಿ. ಪೇಂಟರ್ ಹಂಗ ಮಾಡಂಗಿಲ್ಲ, ಮೊದಲ ಸೀಸದಕಡ್ಡಿಲೆ ಜಾಗಾ ಅಳೀತಾನ, ಒತ್ತು ಮುಂದಿನ ಅಕ್ಷರದ ಬುಡಕ್ಕ ಸರಿಸಿ ಕೂಡಿಸ್ತಾನ, ದಪ್ಪಾನೂ ಮ್ಯಾಲಿನ ಅಕ್ಷರದಷ್ಟ ಇಡ್ತಾನ. ಟ್ರ್ಯಾಕ್ಟರ್ ಟ್ರೇಲರ್ ಹಿಂದ, ಸಾಲಿ ಗ್ವಾಡಿ ಮ್ಯಾಲೆ ಬರೆಯೋರು ನಿಮ್ಮ ಕಡೇನೂ ಇರ್ತಾರ, ಲಾರಿ ಬಾಡಿ ಕಟ್ಟೋ ಗ್ಯಾರೇಜಿನ್ಯಾಗ ಕೇಳ್ರಿ. ತಗಡಿನ ಮ್ಯಾಲೆ ಬೇಡ, ದಪ್ಪ ಬಿಳಿ ಡ್ರಾಯಿಂಗ್ ಶೀಟಿನ ಮ್ಯಾಲೆ ಕರೇ ಪೋಸ್ಟರ್ ಕಲರಿನಿಂದ ಒಂದು ಗೇಣು ಎತ್ತರ ಬರೆಸಿ, ಅದ ಹೆಸರು ನಾಲ್ಕೈದು ಸಲ ಬರೆಯಾಕ ಹೇಳ್ರಿ, ಕೈ ಪಳಗಿದ ಮ್ಯಾಲೆ ಬರೋ ಅಕ್ಷರದ ಓಟ ಬ್ಯಾರೇನ ಇರತೈತಿ. ಅಷ್ಟಕ್ಕೂ ರೊಕ್ಕ ಕೊಡ್ರಿ, ಒಂದು ಸಲದ್ದು ಅಂತ ಚೌಕಾಶಿ ಮಾಡಬ್ಯಾಡ್ರಿ.

ಅಕ್ಷರ_ಕೆಲಸ:
ಇವರು ಹೇಳಿದ್ದು ಸರಿ, ಬರೆಸೋಕೆ ಆಗೋದಾದ್ರೆ ಅದೇ ಮಾಡಿ. ಶೀಟನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಕೊಟ್ರೆ ವೆಕ್ಟರ್ ಸಿಗುತ್ತೆ, ಅಂದ್ರೆ ಎಷ್ಟು ದೊಡ್ಡದು ಮಾಡಿದ್ರೂ ಒಡೆಯದ ಚಿತ್ರ, ಆಮೇಲೆ ತೀರಾ ನುಣುಪು ಮಾಡ್ಬೇಡಿ. ಮತ್ತೆ ಪೇಂಟರ್ ಹತ್ರ ಹಕ್ಕು ಬರವಣಿಗೆಯಲ್ಲಿ ತಗೊಳ್ಳಿ, ಕಾಪಿರೈಟ್ ಕಾಯ್ದೆ ಪ್ರಕಾರ ಬಾಯಿಮಾತಲ್ಲಿ ವರ್ಗ ಆಗಲ್ಲ, ಟ್ರೇಡ್‌ಮಾರ್ಕ್‌ಗೆ ಹೋಗೋವಾಗ ಬೇಕಾಗುತ್ತೆ.

ಪ್ಯಾಕಿಂಗ್_ಮಂಜು:
ಸ್ಟಿಕ್ಕರ್ ಬಗ್ಗೆ ಯಾರೂ ಹೇಳ್ಲಿಲ್ಲ. 100 ಗ್ರಾಂ ಪೊಟ್ಟಣದಲ್ಲಿ ಹೆಸರಿಗೆ ಸಿಗೋದು ಎರಡು ಬೆರಳಷ್ಟು ಜಾಗ, ಅಲ್ಲಿ ಒತ್ತಿನ ಒಳಗಿನ ಸಂದು ಇಂಕ್ ತುಂಬಿ ಮುಚ್ಚಿಹೋಗುತ್ತೆ, ಅದಕ್ಕೆ ಸಂದು ಸ್ವಲ್ಪ ಅಗಲ ಮಾಡಿದ ಸಣ್ಣ ಸೈಜಿನ ಲೋಗೋ ಬೇರೆನೇ ಇರ್ಲಿ. ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡಿಸ್ತೀರಿ, ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು, ಹಳದಿ ಅಕ್ಷರಕ್ಕೆ ಕೆಂಪು ಶೇಡ್ ಎಲ್ಲ ಬೋರ್ಡಿಗೆ ಇಟ್ಕೊಳ್ಳಿ, ಚೀಲಕ್ಕೆ ಒಂದೇ ಬಣ್ಣ. ಪೊಟ್ಟಣದ ಮೇಲೆ ಸಾವಯವ ಅಂತ ಬರೆಸೋದಾದ್ರೆ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಅನ್ನೋ ಸರ್ಕಾರಿ ಯೋಜನೆಗಳ ಸಾವಯವ ಸರ್ಟಿಫಿಕೇಟ್ ಇದೆಯಾ ನೋಡ್ಕೊಳ್ಳಿ, ಆ ಪದಾನ ಲೋಗೋ ಒಳಗೆ ಸೇರಿಸಿದ್ರೆ ಆಮೇಲೆ ತೆಗೆಯೋದು ಕಷ್ಟ.

ಮಲೆನಾಡ_ದಿನಸಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬರೆಸೋದು ಅಂತ ಅಕ್ಕ ಆಗ್ಲೇ ತೀರ್ಮಾನ ಮಾಡಿದ್ಲು, ಈಗ ನಾನೂ ಒಪ್ಪಿದೆ. ಇಂಗ್ಲಿಷ್ ಹೆಸರನ್ನೂ ಅದೇ ಪೇಂಟರ್ ಹತ್ರ ಬರೆಸೋದಾ?

ಹುಬ್ಬಳ್ಳಿ_ಬ್ರಶ್:
ಹೌದ್ರಿ, ಅದ ಬ್ರಶ್ಶಿನ್ಯಾಗ. ಆದ್ರ ಕನ್ನಡ ಮೊದಲ ಮುಗೀಲಿ. 2024ರ ಕಾಯ್ದೆ ಪ್ರಕಾರ ಬೋರ್ಡಿನ್ಯಾಗ 60% ಕನ್ನಡ ಇರಬೇಕು, ಅದೂ ಮ್ಯಾಲಿನ ಭಾಗದಾಗ. ಕನ್ನಡದ ದಪ್ಪ ನೋಡ್ಕೊಂಡು ಇಂಗ್ಲಿಷ್ ಕೆಳಗ ಸಣ್ಣದಾಗಿ ಬರೆಸ್ರಿ.