ಅಲ್ಯೂಮಿನಿಯಂ ಪಂಪಿನಲ್ಲಿ ಕಚ್ಚಿಕೊಂಡ ಉಕ್ಕಿನ ಬೋಲ್ಟು

ಮೂಡಿಗೆರೆಯಿಂದ:
ನಮಸ್ಕಾರ. ಕಾಫಿ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ) ಹೊಡೆಯುವ ಪವರ್ ಸ್ಪ್ರೇಯರ್ ನಮ್ಮದು. ಪಂಪಿನ ಮೈ ಅಲ್ಯೂಮಿನಿಯಂ ಎರಕ, ಬೋಲ್ಟುಗಳು ಉಕ್ಕಿನವು. ಮಳೆಗಾಲ ಮುಗಿಸಿ ಬಿಚ್ಚಲು ಕುಳಿತರೆ ಒಂದು ಬೋಲ್ಟು ಅಲುಗಲೇ ಇಲ್ಲ, ಇನ್ನೊಂದರ ತಲೆ ತುಂಡಾಗಿ ಸ್ಪ್ಯಾನರ್ ಜೊತೆಗೇ ಬಂತು. ಸುತ್ತಲೂ ಬಿಳಿ ಪುಡಿ. ಸುಣ್ಣವೆಂದುಕೊಂಡೆ, ಕೆರೆದರೆ ಅಡಿಯಲ್ಲಿ ಲೋಹವೇ ಗುಳಿ ಬಿದ್ದಿದೆ. ಸ್ಟೇನ್‌ಲೆಸ್ ಬೋಲ್ಟು ಹಾಕಿದರೆ ಸಾಕೆಂದು ಅಂಗಡಿಯಲ್ಲಿ ಹೇಳುತ್ತಾರೆ. ಹೌದೇ?

ಹಾಸನದಿಂದ:
ಬೋಲ್ಟು ಉಳಿಯುತ್ತದೆ ಸಾರ್, ಪಂಪು ಉಳಿಯುವುದಿಲ್ಲ. ಎರಡು ಲೋಹ ತಗುಲಿಕೊಂಡು ನಡುವೆ ಲವಣದ ನೀರು ನಿಂತರೆ ಅದೊಂದು ಬ್ಯಾಟರಿ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಉಕ್ಕಾದರೂ ಸ್ಟೇನ್‌ಲೆಸ್ ಆದರೂ ಅಷ್ಟೇ. ಕರಗಿದ ಲೋಹಕ್ಕಿಂತ ಆ ಬಿಳಿ ಪುಡಿಗೆ ಹೆಚ್ಚು ಜಾಗ ಬೇಕು, ಆದ್ದರಿಂದಲೇ ಥ್ರೆಡ್ ಕಚ್ಚಿಕೊಳ್ಳುತ್ತದೆ.

ನಿಮ್ಮಲ್ಲಿ ಮೈಲುತುತ್ತವೂ, ಅಂದರೆ ತಾಮ್ರದ ಲವಣವೂ ಸೇರಿದೆ. ಸುಣ್ಣ ಸಾಕಾಯಿತೇ ಎಂದು ದ್ರಾವಣದಲ್ಲಿ ಚಾಕು ಅದ್ದಿ ನೋಡುತ್ತೀರಲ್ಲ? ಕಡಿಮೆಯಾಗಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಲ್ಯೂಮಿನಿಯಂ ಮೇಲೂ ಹಾಗೆಯೇ ಕುಳಿತು, ಬೋಲ್ಟಿಲ್ಲದ ಕಡೆಯೂ ಗುಳಿ ತೋಡುತ್ತದೆ. ಸುಣ್ಣ ಹೆಚ್ಚಾದರೆ ಅದರ ಕ್ಷಾರವೂ ಅಲ್ಯೂಮಿನಿಯಂಗೆ ಆಗದು. ಸಂಜೆ ಐದು ನಿಮಿಷ ಬರೀ ನೀರು ಓಡಿಸಿ, ಹೊರಮೈಯನ್ನೂ ತೊಳೆದು ಒರೆಸಿ. ಅರ್ಧ ಸಮಸ್ಯೆ ಅಲ್ಲಿಗೇ ಕಡಿಮೆಯಾಗುತ್ತದೆ.

ಚೌಕಟ್ಟಿಗೆ ಕೂರಿಸುವ ಬೋಲ್ಟುಗಳಿಗೆ ನೈಲಾನ್ ವಾಷರ್ ಜೊತೆಗೆ ತೂತಿನೊಳಗೆ ತೆಳು ನೈಲಾನ್ ಕೊಳವೆಯೂ ಬೇಕು. ವಾಷರ್ ಒಂದನ್ನೇ ಹಾಕಿದರೆ ಬೋಲ್ಟಿನ ಮೈ ಒಳಗೆ ತಗುಲಿಯೇ ಇರುತ್ತದೆ. ಒತ್ತಡ ತಡೆಯುವ ಪಂಪಿನ ಹೆಡ್ಡಿನ (ಮುಚ್ಚಳದ) ಬೋಲ್ಟಿಗೆ ಮಾತ್ರ ನೈಲಾನ್ ಬೇಡ, ಅದು ನಿಧಾನವಾಗಿ ಕುಗ್ಗಿ ಬಿಗಿ ಸಡಿಲವಾಗುತ್ತದೆ. ಅಲ್ಲಿ ಸತುವಿನ ಲೇಪದ ಬೋಲ್ಟು, ಥ್ರೆಡ್ ತುಂಬ ನೀರಿಗೆ ತೊಳೆದುಹೋಗದ ಗ್ರೀಸು. ಕಾಪರ್ ಗ್ರೀಸ್ ಹಚ್ಚಬೇಡಿ. ತಾಮ್ರವನ್ನು ನಾವೇ ಕರೆದು ಕೂರಿಸಿದಂತೆ.

ಕಚ್ಚಿಕೊಂಡದ್ದಕ್ಕೆ ಮೊದಲು ಕುದಿಯುವ ನೀರು ಸುರಿಯಿರಿ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು 2 ಪಟ್ಟು ಹಿಗ್ಗುತ್ತದೆ. ಆರಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಮತ್ತೆ ಬಿಸಿನೀರು, ಆಮೇಲೆ ತುಸು ಬಿಗಿ, ತುಸು ಸಡಿಲ.

ಮೂಡಿಗೆರೆಯಿಂದ:
ಮೂರನೆಯ ಸಲದ ಬಿಸಿನೀರಿಗೆ ಬೋಲ್ಟು ಕಿರುಗುಟ್ಟಿಕೊಂಡು ಬಂತು. ತಲೆ ಹೋದದ್ದಕ್ಕೆ ಲೇತಿನವರು ನಟ್ಟು ವೆಲ್ಡ್ ಮಾಡಿ ತಿರುಗಿಸಿಕೊಟ್ಟರು. ಕಾಪರ್ ಗ್ರೀಸ್ ಡಬ್ಬಿ ಕೊಂಡಾಗಿತ್ತು, ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದೇನೆ.