ಪಾವಗಡ ಎನ್‌ಕ್ಲೇವಾ, ಎಕ್ಸ್‌ಕ್ಲೇವಾ? ರಾಜಕೀಯ ಭೂಗೋಳ ಓದಿದವರು ಸ್ವಲ್ಪ ಬಿಡಿಸಿ ಹೇಳಿ

ನಾಗಲಮಡಿಕೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ಎಂ.ಎ. ಭೂಗೋಳ ಓದುತ್ತಿದ್ದೇನೆ, ಈ ಸೆಮಿಸ್ಟರ್‌ಗೆ ರಾಜಕೀಯ ಭೂಗೋಳ ಇದೆ. ಪ್ರಭುತ್ವ, ರಾಷ್ಟ್ರ, ಸಾರ್ವಭೌಮತ್ವ, ಗಡಿರೇಖೆ, ಎನ್‌ಕ್ಲೇವ್, ಎಕ್ಸ್‌ಕ್ಲೇವ್ ಅಂತ ಒಂದೊಂದಕ್ಕೂ ಎರಡೆರಡು ಸಾಲು ಬರೆದು ಪುಸ್ತಕದವರು ಕೈತೊಳೆದುಕೊಂಡಿದ್ದಾರೆ. ಬಾಯಿಪಾಠ ಮಾಡಬಹುದು, ಆದರೆ ನಮ್ಮೂರಿಗೆ ತಂದು ನೋಡಿದರೆ ಯಾವುದೂ ಸರಿಯಾಗಿ ಕೂರಲ್ಲ.

ನಮ್ಮದು ಪಾವಗಡ ತಾಲ್ಲೂಕು. ತುಮಕೂರಿಂದ ಮಧುಗಿರಿ ದಾಟಿ ಬಸ್ಸಲ್ಲಿ ಬಂದರೆ ನಡುವೆ ಆಂಧ್ರದ ಮಡಕಶಿರಾ ಸೀಮೆ ಬರುತ್ತದೆ, ಆಮೇಲೆ ಮತ್ತೆ ಕರ್ನಾಟಕ. ಅಂಗಡಿ ಬೋರ್ಡು ಕನ್ನಡದಿಂದ ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತದೆ, ಬಸ್ಸಲ್ಲಿ ಕೂತವರ ಮಾತು ಮಾತ್ರ ಎಲ್ಲೂ ಬದಲಾಗಲ್ಲ. ಕ್ಲಾಸಲ್ಲಿ ಒಬ್ಬರು ಪಾವಗಡ ಎನ್‌ಕ್ಲೇವ್ ಅಂದರು, ಇನ್ನೊಬ್ಬರು ಎಕ್ಸ್‌ಕ್ಲೇವ್ ಅಂತ ಜಗಳಕ್ಕೇ ಬಿದ್ದರು. ಯಾವುದು ಸರಿ?

ಇನ್ನೊಂದು ಪ್ರಶ್ನೆ. 1956ರಲ್ಲಿ ಭಾಷೆ ನೋಡಿ ಗಡಿ ಹಾಕಿದರು ಅಂತಾರಲ್ಲ, ಹಾಗಾದರೆ ಮನೆಯಲ್ಲಿ ತೆಲುಗು ಮಾತಾಡೋ ಇಷ್ಟೊಂದು ಜನ ಈ ಕಡೆಗೇ ಹೇಗೆ ಉಳಿದರು? ದಯವಿಟ್ಟು ಗೂಗಲ್ ಮಾಡಿ ಅನ್ನಬೇಡಿ, ಅದು ಆಗಿದೆ.

ಮಾಲೂರು ಹೆಂಚು:

ರಾಜ್ಯದ ಮಟ್ಟದಲ್ಲಿ ನೋಡಿದರೆ ಎರಡೂ ಅಲ್ಲ. ಜಿಲ್ಲೆಯ ಮಟ್ಟದಲ್ಲಿ ನೋಡಿದರೆ ಎಕ್ಸ್‌ಕ್ಲೇವ್.

ಎನ್‌ಕ್ಲೇವ್ ಅನ್ನಬೇಕಾದರೆ ಸುತ್ತಲೂ ಒಬ್ಬರದೇ ನೆಲ ಇರಬೇಕು. ಎಕ್ಸ್‌ಕ್ಲೇವ್ ಅಂದರೆ ತನ್ನ ಮುಖ್ಯ ಭಾಗದಿಂದ ಕಡಿದು ದೂರ ಬಿದ್ದ ತುಂಡು. ಇವೆರಡೂ ಯಾವಾಗಲೂ ಒಟ್ಟಿಗೇ ಬರಬೇಕು ಅಂತೇನಿಲ್ಲ. ಲೆಸೊಥೊ ಪೂರ್ತಿ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿದೆ, ಆದ್ದರಿಂದ ಎನ್‌ಕ್ಲೇವ್, ಆದರೆ ಅದೇ ಒಂದು ದೇಶ, ಯಾರ ತುಂಡೂ ಅಲ್ಲ. ಕಲಿನಿನ್‌ಗ್ರಾಡ್ ರಷ್ಯಾದ ತುಂಡು, ಆದರೆ ಅದರ ಸುತ್ತ ಪೋಲೆಂಡ್, ಲಿಥುವೇನಿಯಾ ಮತ್ತೆ ಸಮುದ್ರ ಇದೆ, ಹಾಗಾಗಿ ಎಕ್ಸ್‌ಕ್ಲೇವ್ ಮಾತ್ರ.

ಈಗ ಪಾವಗಡ. ಮೂರು ಕಡೆ ಆಂಧ್ರ. ಪಶ್ಚಿಮಕ್ಕೆ ಚಿತ್ರದುರ್ಗ ಜಿಲ್ಲೆಗೆ ಅಂಟಿಕೊಂಡಿದೆ. ಅಂದರೆ ಕರ್ನಾಟಕದಿಂದ ಕಡಿದಿಲ್ಲ, ತುಮಕೂರಿಂದ ಕಡಿದಿದೆ. ನಿಮ್ಮ ಕ್ಲಾಸಿನವರು ಯಾವ ಗೆರೆಯ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಮೊದಲು ಹೇಳಿಕೊಂಡಿದ್ದರೆ ಜಗಳವೇ ಆಗುತ್ತಿರಲಿಲ್ಲ.

ನಿಜವಾದ ಎನ್‌ಕ್ಲೇವ್ ಎಷ್ಟು ಕಷ್ಟದ್ದು ಅಂತ ನೋಡಬೇಕಾದರೆ ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಕತೆ ಓದಿ. ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡು, ಭಾರತದ ಒಳಗೆ ಬಾಂಗ್ಲಾದ 51 ತುಂಡು ಇದ್ದವು. ದಹಾಲಾ ಖಗ್ರಾಬಾರಿ ಅಂತ ಒಂದು ಜಾಗ ಇತ್ತು, ಅದು ಭಾರತದ ನೆಲ, ಅದರ ಸುತ್ತ ಬಾಂಗ್ಲಾ, ಅದರ ಸುತ್ತ ಭಾರತ, ಅದರ ಸುತ್ತ ಮತ್ತೆ ಬಾಂಗ್ಲಾ! ಅಲ್ಲಿನವರು ಸಂತೆಗೆ ಹೋಗಬೇಕಾದರೂ ಲೆಕ್ಕಕ್ಕೆ ಇನ್ನೊಂದು ದೇಶಕ್ಕೆ ಕಾಲಿಡಬೇಕು. ಶಾಲೆ, ಪೊಲೀಸು, ಕರೆಂಟು ಯಾವುದಕ್ಕೂ ಕೇಳೋರಿಲ್ಲ. 2015ರ ಜುಲೈ 31ರ ಮಧ್ಯರಾತ್ರಿ ಎಲ್ಲ ಅದಲು ಬದಲು ಮಾಡಿಕೊಂಡರು. ಪಾವಗಡದವರಿಗೆ ಬಸ್ ಟಿಕೆಟ್ ಸಾಕಲ್ಲ, ಪುಣ್ಯ ಮಾಡಿದ್ದೀರಿ.

ಗಡಿಬಿಡಿ ವಕೀಲ:

ಹೆಂಚಿನವರ ಮಾತಿಗೆ ಒಂದು ಸೇರಿಸುತ್ತೇನೆ, ಏಕೆಂದರೆ ಪರೀಕ್ಷೆಯಲ್ಲಿ ಇಲ್ಲೇ ಎಲ್ಲರೂ ಎಡವುತ್ತಾರೆ. ಕೂಚ್ ಬಿಹಾರ ಮತ್ತು ಪಾವಗಡ ಮ್ಯಾಪಲ್ಲಿ ಅಣ್ಣ ತಮ್ಮಂದಿರ ಹಾಗೆ ಕಾಣಬಹುದು, ಆದರೆ ಆ ಎರಡು ಗೆರೆಗಳ ಜಾತಿಯೇ ಬೇರೆ.

1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ಪ್ರಭುತ್ವ, ಅಂದರೆ ಸ್ವತಂತ್ರ ದೇಶ ಅನ್ನಿಸಿಕೊಳ್ಳೋಕೆ ನಾಲ್ಕು ಬೇಕು: ನೆಲೆನಿಂತ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ತಾನೇ ವ್ಯವಹರಿಸುವ ಶಕ್ತಿ. ಕರ್ನಾಟಕಕ್ಕೆ ಮೊದಲ ಮೂರೂ ಇವೆ. ನಾಲ್ಕನೆಯದು ಇಲ್ಲ. ಆದ್ದರಿಂದ ನಮ್ಮ ರಾಜ್ಯದ ಗಡಿ ಸಾರ್ವಭೌಮತ್ವದ ಗಡಿ ಅಲ್ಲ, ಆಡಳಿತದ ಗಡಿ.

ಇದು ಕಾನೂನಲ್ಲಿ ಚೆನ್ನಾಗಿ ಕಾಣುತ್ತದೆ. ಸಂವಿಧಾನದ 3ನೇ ವಿಧಿ ಪ್ರಕಾರ ರಾಜ್ಯದ ಗಡಿಯನ್ನು ಸಂಸತ್ತು ಸಾಮಾನ್ಯ ಕಾಯ್ದೆಯಿಂದಲೇ ಬದಲಿಸಬಹುದು. ವಿಧಾನಸಭೆಯ ಅಭಿಪ್ರಾಯ ಕೇಳಬೇಕು ನಿಜ, ಒಪ್ಪಿಗೆ ಬೇಕಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ತೆಲಂಗಾಣ ಮಸೂದೆ ಬೇಡ ಅಂದಿತು, ಸಂಸತ್ತು ಪಾಸು ಮಾಡಿತು, ಜೂನ್ 2ಕ್ಕೆ ರಾಜ್ಯ ಹುಟ್ಟೇಬಿಟ್ಟಿತು. ಅದೇ ದೇಶದ ನೆಲವನ್ನು ಇನ್ನೊಂದು ದೇಶಕ್ಕೆ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು ಅಂತ 1960ರಲ್ಲಿ ಪಶ್ಚಿಮ ಬಂಗಾಳದ ಬೇರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೂಚ್ ಬಿಹಾರದ ಅದಲು ಬದಲಿಗೆ 100ನೇ ತಿದ್ದುಪಡಿ ಬೇಕಾದದ್ದು ಅದಕ್ಕೇ.

ಕೋಟೆಬೆಟ್ಟ:

ಭಾಷೆಯ ಪ್ರಶ್ನೆ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. 1956ರಲ್ಲಿ ಗಡಿ ಹಾಕಿದರು ಅನ್ನೋದೇ ನಮ್ಮ ಕಡೆಗೆ ಅರ್ಧ ಸತ್ಯ. ತುಮಕೂರು, ಕೋಲಾರದ ಪೂರ್ವದ ಗಡಿ ಹೆಚ್ಚುಕಡಿಮೆ ಹಳೆ ಮೈಸೂರು ಸಂಸ್ಥಾನದ ಗಡಿಯೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೈದರಾಬಾದಿನ ನಿಜಾಮ, ಈಸ್ಟ್ ಇಂಡಿಯಾ ಕಂಪನಿ, ಮೈಸೂರು ಒಡೆಯರು ಅಂತ ಪಾಲು ಮಾಡಿದರು. ನಿಜಾಮ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆ ಕಡೆ ಮದ್ರಾಸ್ ಪ್ರಾಂತ್ಯ, ಈ ಕಡೆ ಮೈಸೂರು. ಆ ಪಾಲಿನಲ್ಲಿ ಯಾರ ಮನೆಯಲ್ಲಿ ಯಾವ ಭಾಷೆ ಅಂತ ಯಾರೂ ಕೇಳಲಿಲ್ಲ. 1953ರಲ್ಲಿ ಆಂಧ್ರ ಆದಾಗ ಬಳ್ಳಾರಿ ಕಡೆ ತಾಲ್ಲೂಕುಗಳನ್ನು ಭಾಷೆ ನೋಡಿ ಹಂಚಿದರು: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಕಡೆಯ ಗೆರೆ ಮಾತ್ರ 1956ರ ಮರುವಿಂಗಡಣೆಯಲ್ಲೂ ಇದ್ದಲ್ಲೇ ಉಳಿಯಿತು.

ಹಾರ್ಟ್‌ಶೋರ್ನ್ ಅನ್ನೋ ಅಮೆರಿಕದ ಭೂಗೋಳಶಾಸ್ತ್ರಜ್ಞ 1936ರಲ್ಲಿ ಮಾಡಿದ ಗಡಿಗಳ ವಿಂಗಡಣೆ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಜನ ನೆಲೆಸುವ ಮೊದಲೇ ಎಳೆದ ಗೆರೆ, ಜನರ ಭಾಷೆ ಸಂಸ್ಕೃತಿ ನೋಡಿ ಆಮೇಲೆ ಎಳೆದದ್ದು, ಅವನ್ನು ಲೆಕ್ಕಿಸದೆ ಮೇಲಿಂದ ಹೇರಿದ್ದು. ರ‍್ಯಾಡ್‌ಕ್ಲಿಫ್ ಗೆರೆ, ಅಂದರೆ 1947ರ ಭಾರತ-ಪಾಕಿಸ್ತಾನ ಗಡಿ, ಹೇರಿದ್ದು. ಪಾವಗಡದ ಗೆರೆಯೂ ನನ್ನ ಪ್ರಕಾರ ಹೇರಿದ್ದೇ.

ಮಾಲೂರು ಹೆಂಚು:

ಕೋಟೆಬೆಟ್ಟ ಸರ್, ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ. ಹುಟ್ಟಿದಾಗ ಹೇರಿದ್ದೇ ಇರಬಹುದು. ಆದರೆ ಇನ್ನೂರು ವರ್ಷ ಒಂದು ಗೆರೆ ನಿಂತರೆ ಜನ ಅದರ ಸುತ್ತ ಬದುಕು ಕಟ್ಟಿಕೊಳ್ಳುತ್ತಾರೆ. ಆ ಕಡೆ ಪೆಟ್ರೋಲು ದುಬಾರಿ, ಹಾಗಾಗಿ ಗಡಿಯ ಬಂಕಿನಲ್ಲಿ 'ಕರ್ನಾಟಕ ರೇಟು' ಅಂತ ದೊಡ್ಡ ತೆಲುಗು ಅಕ್ಷರದಲ್ಲಿ ಬರೆದಿರುತ್ತಾರೆ, ಎದುರಿಗೆ ಆಂಧ್ರ ನಂಬರಿನ ಲಾರಿಗಳ ಸಾಲು. ಗೆರೆ ತೆಗೆದರೆ ಮೊದಲು ಅಳೋದು ಆ ಬಂಕಿನವರು. ಮುಳಬಾಗಿಲು, ಬಾಗೇಪಲ್ಲಿಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನೋರನ್ನ ಕೇಳಿ ನೋಡಿ, ನಾವು ಕರ್ನಾಟಕದವರೇ ಅಂತಾರೆ. ರಾಷ್ಟ್ರ ಅನ್ನೋ ಭಾವನೆ ಭಾಷೆಯಿಂದಲೇ ಹುಟ್ಟುತ್ತದೆ ಅನ್ನೋ ಪಾಠವನ್ನ ಇಲ್ಲಿ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಚಿಂತಾಮಣಿ ಟೊಮ್ಯಾಟೊ:

ನೆಲದ ಗೆರೆ ಆಯಿತು, ನೀರಿನದು ಬಿಟ್ಟಿರಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ನಮ್ಮ ನಂದಿ ಬೆಟ್ಟ, ಕೋಲಾರದ ಕಡೆ ಹುಟ್ಟಿ ಗಡಿ ದಾಟುತ್ತವೆ. ಮೇಲಿನವರು ನಾವು, ಆದರೂ 1892ರಲ್ಲಿ ಮದ್ರಾಸಿನ ಜೊತೆ ಆದ ಒಪ್ಪಂದದಲ್ಲಿ ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸ್ ಒಪ್ಪದೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಅಂತ ಮೈಸೂರು ಬರೆದುಕೊಟ್ಟಿತು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಡ್ಯಾಮ್ ವಿಷಯಕ್ಕೆ ತಮಿಳುನಾಡು ಕೋರ್ಟಿಗೆ ಹೋದಾಗಲೂ ಈ 1892 ಎದ್ದು ಬಂತು. 2019ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿ ವಜಾ ಮಾಡಿತು. ಪ್ರಭುತ್ವದ ಅಧಿಕಾರ ಎಲ್ಲಿಯವರೆಗೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಜಿಲ್ಲೆಗಳಲ್ಲಿ ಸಿಗಲ್ಲ.

ಇನ್ನೊಂದು ಗೆರೆ ಓಟಿನದು. ನಮ್ಮ ಚಿಂತಾಮಣಿ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ, ಆದರೆ ಎಂಪಿ ಓಟು ಕೋಲಾರ ಕ್ಷೇತ್ರಕ್ಕೆ. ಶಿಡ್ಲಘಟ್ಟದವರದೂ ಇದೇ ಕತೆ. ರೇಷನ್ ಕಾರ್ಡಿನ ಕೆಲಸಕ್ಕೆ ಒಂದು ಊರು, ಎಂಪಿಯನ್ನ ಬೈಯೋಕೆ ಇನ್ನೊಂದು ಊರು. ಪಾವಗಡವೂ ಹಾಗೇ ಅಲ್ವಾ?

ನಾಗಲಮಡಿಕೆ ಹುಡುಗಿ:

ಹೌದಣ್ಣ, ಜಿಲ್ಲೆ ತುಮಕೂರು, ಲೋಕಸಭೆ ಚಿತ್ರದುರ್ಗ! ಇದನ್ನ ಯೋಚಿಸಿಯೇ ಇರಲಿಲ್ಲ. ಹಾಗಾದರೆ ಇದು ಜೆರಿಮ್ಯಾಂಡರಿಂಗ್‌ಗೆ ಉದಾಹರಣೆ ಆಗುತ್ತಾ? ಪುಸ್ತಕದಲ್ಲಿ ಅಮೆರಿಕದ್ದು ಮಾತ್ರ ಕೊಟ್ಟಿದ್ದಾರೆ.

ಗಡಿಬಿಡಿ ವಕೀಲ:

ಆಗಲ್ಲ ತಂಗಿ, ಅದನ್ನ ಬರೆದು ಮಾರ್ಕ್ಸ್ ಕಳಕೊಳ್ಳಬೇಡಿ. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ಕ್ಷೇತ್ರ ಹಂಚಿಕೆ ಅವರದೇ ಪಕ್ಷಕ್ಕೆ ಅನುಕೂಲ ಆಗುವ ಹಾಗೆ ಇತ್ತು. ಗೆಲ್ಲಲಿಕ್ಕೆ ಬೇಕಂತಲೇ ಗೆರೆ ತಿರುಚಿದರೆ ಮಾತ್ರ ಆ ಹೆಸರು. ನಮ್ಮಲ್ಲಿ ಗೆರೆ ಎಳೆಯೋದು ಕ್ಷೇತ್ರ ಮರುವಿಂಗಡಣಾ ಆಯೋಗ, ಅದು ಜನಸಂಖ್ಯೆ, ಭೂಮಿಯ ಜೋಡಣೆ, ಆಡಳಿತದ ಗಡಿ, ಸಂಪರ್ಕ ಎಲ್ಲ ನೋಡಬೇಕು. ನಿಮ್ಮ ತಾಲ್ಲೂಕು ಚಿತ್ರದುರ್ಗಕ್ಕೇ ಅಂಟಿದೆ. ಮ್ಯಾಪ್ ಹಿಡಿದು ನೋಡಿದರೆ ಅಲ್ಲಿಗೆ ಸೇರಿಸಿದ್ದೇ ಸಹಜ, ತುಮಕೂರು ಜಿಲ್ಲೆಗೆ ಸೇರಿರೋದೇ ವಿಚಿತ್ರ.

ಉತ್ತರದಲ್ಲಿ ಪಾವಗಡ ಖಂಡಿತ ಬರೆಯಿರಿ, ಆದರೆ ಮ್ಯಾಪ್ ಬಿಡಿಸಿ. ದಕ್ಷಿಣಕ್ಕೆ ಮಡಕಶಿರಾ, ಪಶ್ಚಿಮಕ್ಕೆ ಚಳ್ಳಕೆರೆ ಅಂತ ಹೆಸರು ಹಾಕಿ. ಮಡಕಶಿರಾ ಈಗ ಅನಂತಪುರ ಜಿಲ್ಲೆ ಅಲ್ಲ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ, ಹಳೆ ಅಟ್ಲಾಸ್ ನೋಡಿ ಬರೆದುಬಿಟ್ಟೀರಿ.